ಸಾಲಿ ತೊಳೆದ ನೀರು

“ಅಂದ್ರ ನಮ್ಮ ತಮ್ಮಗ ಔಷಧ ಕೊಡಂಗಿಲ್ಲೇನ್ರಿ?”

ಕೌಂಟರಿನ ಗಾಜಿನಾಚೆ ನಿಂತಿದ್ದವನು ಮತ್ತೆ ಅದೇ ಪ್ರಶ್ನೆ ಕೇಳಿ, ಹೆಗಲ ಮೇಲಿನ ಟವೆಲ್ಲಿನಿಂದ ಕತ್ತು ಒರೆಸಿಕೊಂಡ. ಶಶಿರೇಖಾ ಬಣಗಾರ ಮತ್ತೆ ಅದೇ ಉತ್ತರ ಕೊಟ್ಟಳು.

“ಕೊಡಾಕ ಬರಂಗಿಲ್ರಿ ಅಣ್ಣಾರ. ನಿಮ್ಮ ತಮ್ಮನ ಎದಿಯಾಗಿನ ರೋಗಾಣು ಕಲೀತಾವ.”

“ಕಲೀತಾವ! ನಮ್ಮ ಫಕೀರಪ್ಪ ಮೂರನೇತ್ತ ಸೈತ ಪಾಸಾಗಿಲ್ರಿ ಬಾಯಾರ. ಅವನ ಮೈಯಾಗ ಇದ್ದು ಅವು ಏನು ಕಲೀತಾವು?”

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ನಕ್ಕವರೇ ತಮ್ಮ ಸರದಿ ನೆನಪಾಗಿ ಸುಮ್ಮನಾದರು. ಆ ಮನುಷ್ಯನೂ ಅರ್ಧ ನಕ್ಕ. ಆಮೇಲೆ ಗಾಜಿಗೆ ಹಣೆ ಆನಿಸಿ ಅಳತೊಡಗಿದ. ಶಶಿರೇಖಾ ತನ್ನ ಕಡೆಯಿಂದ ಗಾಜಿನ ಮೇಲೆ ಅಂಗೈ ಇಟ್ಟಳು. ಅದಕ್ಕಿಂತ ಹೆಚ್ಚಿನದೇನೂ ಅವಳ ಬಳಿ ಇರಲಿಲ್ಲ.

ಹುಬ್ಬಳ್ಳಿಯ ಆ ಪ್ರಯೋಗಾಲಯದಲ್ಲಿ ದಿನವೂ ನಡೆಯುವ ಮಾತುಕತೆ ಅದು. ಹಿಂದಿನವರು ನೆಗಡಿಗೂ ನುಂಗಿ, ಕೋಳಿಗೂ ತಿನ್ನಿಸಿ ಹಾಳು ಮಾಡಿದ ಔಷಧಗಳ ಪೈಕಿ ಈಗ ಒಂದೇ ಒಂದು ಉಳಿದಿತ್ತು. ಅದಕ್ಕೊಂದು ಉದ್ದನೆಯ ರಾಸಾಯನಿಕ ಹೆಸರಿತ್ತು. ಜನ ಮಾತ್ರ ‘ಕಾಯ್ದಿಟ್ಟಿದ್ದು’ ಎನ್ನುತ್ತಿದ್ದರು. ಸರ್ಕಾರ ಅದನ್ನು ಪ್ರತಿ ಜಿಲ್ಲೆಯಲ್ಲೂ ಬೀಗ ಹಾಕಿದ ಶೀತಪೆಟ್ಟಿಗೆಯಲ್ಲಿ ಇಟ್ಟಿತ್ತು. ಅದು ಕೆಲಸ ಮಾಡುತ್ತಿತ್ತು, ತೊಂದರೆ ಇದ್ದದ್ದೂ ಅಲ್ಲಿಯೇ. ಯಾರಿಗೆ ಕೊಟ್ಟರೂ, ಅವರ ಮೈಯೊಳಗಿನ ರೋಗಾಣುಗಳಲ್ಲಿ ನಾಲ್ಕಾರು ಬದುಕುಳಿದು, ಔಷಧದಿಂದ ತಪ್ಪಿಸಿಕೊಳ್ಳುವ ಉಪಾಯ ಕಲಿತು, ಕಲಿತದ್ದನ್ನು ಪಕ್ಕದ ರೋಗಾಣು ಜಾತಿಗಳಿಗೂ ದಾಟಿಸಿ ಊರು ಸುತ್ತಲು ಹೊರಡಬಹುದು. ಹಾಗಾದ ದಿನ ಕೊನೆಯ ಔಷಧವೂ ಬರೀ ನೀರು. ಆದ್ದರಿಂದ ಕೊಡುವ ಮುಂಚೆಯೇ ರೋಗಾಣುವಿಗೆ ಒಂದು ಪರೀಕ್ಷೆ.

ಪರೀಕ್ಷೆ ನಡೆಸುವ ಯಂತ್ರ ಬಟ್ಟೆಯ ಬೀರುವಿನಷ್ಟು ದೊಡ್ಡದು. ರೋಗಿಯ ಕಫವನ್ನೋ ರಕ್ತವನ್ನೋ ಬೆಳಿಗ್ಗೆ ಹಾಕಿದರೆ, ಅದರಲ್ಲಿನ ಜೀವಿಯನ್ನು ಯಂತ್ರ ಒಂದು ಗಾಜಿನ ಬಿಲ್ಲೆಯಲ್ಲಿ ಕೊರೆದ ಸಾವಿರಾರು ಪುಟ್ಟ ಕೋಣೆಗಳಿಗೆ ಹಂಚುತ್ತಿತ್ತು. ಪ್ರತಿ ಕೋಣೆಯಲ್ಲೂ ಆ ಔಷಧದ ಸಣ್ಣ ಹನಿ. ಜೊತೆಗೆ, ಜೀವಿ ಪೀಳಿಗೆಯಿಂದ ಪೀಳಿಗೆಗೆ ಬೇಗ ಬೇಗ ತಪ್ಪು ಮಾಡುವಂತೆ ಒಂದು ಪ್ರಚೋದಕ. ಲಕ್ಷ ತಪ್ಪುಗಳಲ್ಲಿ ಒಂದು ಸರಿಯಾದ ತಪ್ಪು ಬಿದ್ದರೆ ಸಾಕು, ಔಷಧದೊಳಗೇ ಕೂತು ಬೆಳೆಯತೊಡಗುತ್ತದೆ. ಸಂಜೆಯವರೆಗೂ ಒಂದು ಕೋಣೆಯಲ್ಲೂ ಬೆಳೆಯದಿದ್ದರೆ ಪರದೆ ಹಸಿರು, ಔಷಧ ಬಿಡುಗಡೆ. ಬೆಳೆದರೆ ಕೆಂಪು. ಕೆಂಪು ಎಂದರೆ ಈ ರೋಗಿ ಉಳಿಯುವುದಿಲ್ಲ ಎಂದೇನಲ್ಲ. ಔಷಧ ಕೊಟ್ಟರೆ ಉಳಿಯಲೂಬಹುದು; ಆದರೆ ಅವನ ಮೈ ರೋಗಾಣುಗಳಿಗೆ ಪಾಠಶಾಲೆಯಾಗುತ್ತದೆ. ಇಲಾಖೆ ಇಟ್ಟ ಹೆಸರು ಯಾರ ನಾಲಿಗೆಯ ಮೇಲೂ ನಿಲ್ಲಲಿಲ್ಲ. ಈ ಸೀಮೆಯಲ್ಲಿ ಶಾಲೆಗೆ ಅನ್ನುವ ಹಾಗೆ ಯಂತ್ರಕ್ಕೂ ಎಲ್ಲರೂ ‘ಸಾಲಿ’ ಎಂದೇ ಅಂದರು.

ಫಕೀರಪ್ಪ ಎರಡು ದಿನ ಬಿಟ್ಟು ಆಸ್ಪತ್ರೆಯಲ್ಲೇ ತೀರಿಕೊಂಡ.

*

ಶಶಿರೇಖಾಳ ಮನೆಯಲ್ಲಿ ಈಳಿಗೆ ಇರಲಿಲ್ಲ. ಯಾರ ಮನೆಯಲ್ಲೂ ಇರಲಿಲ್ಲ. ಕಾಯಿಪಲ್ಯೆ ಹೆಚ್ಚಿದ್ದೇ ಮಾರ್ಕೆಟ್ಟಿನಿಂದ ಬರುತ್ತಿತ್ತು. ಮಕ್ಕಳು ಮೊಣಕಾಲಿಗೆ, ಮೊಣಕೈಗೆ ಹತ್ತಿಯ ದಪ್ಪ ಪಟ್ಟಿ ಕಟ್ಟಿಕೊಂಡು ಶಾಲೆಗೆ ಹೋಗುತ್ತಿದ್ದರು. ಕಿವಿ ಚುಚ್ಚಿಸುವುದು ನಿಂತುಹೋಗಿತ್ತು; ಒಂಬತ್ತು ವರ್ಷದ ಇಂಚರಾಳ ಕಿವಿಯಲ್ಲಿದ್ದದ್ದು ಅಂಟಿಸುವ ಓಲೆ. ಹಲ್ಲು ಕೀಳಿಸಲು ಹೆದರಿ ಜನ ಲವಂಗ ಕಚ್ಚಿಕೊಂಡು ವರ್ಷಗಳನ್ನೇ ಕಳೆಯುತ್ತಿದ್ದರು. ಅವಳ ಗಂಡ ಮಹಾರುದ್ರ ಸರ್ಕಾರಿ ಬಸ್ಸಿನ ಚಾಲಕ. ಬ್ಲೇಡು ಮುಟ್ಟದೆ ಗಡ್ಡ ಎದೆಯವರೆಗೆ ಇಳಿದಿತ್ತು.

“ಅಪ್ಪಾ, ನೀ ಥೇಟ್ ಸ್ವಾಮಿಗೋಳಂಗ ಕಾಣ್ತಿ,” ಎಂದಳು ಇಂಚರಾ ಊಟಕ್ಕೆ ಕೂತಾಗ.

“ಹಂಗಾರ ನಮಸ್ಕಾರ ಮಾಡು, ದಕ್ಷಿಣಿ ಇಡು.”

“ಸ್ವಾಮಿಗೋಳು ಬಸ್ ಹೊಡಿಯಂಗಿಲ್ಲ.”

“ಹೊಡದಿದ್ರ ಗೊತ್ತಾಗತಿತ್ತು ಅವರಿಗೆ,” ಎಂದ ಮಹಾರುದ್ರ. ಆಮೇಲೆ ಹೆಂಡತಿಯ ಕಡೆ ತಿರುಗಿ, “ನಾಳೆ ನಾನು ಬೀದರ ರೂಟಿಗೆ ಹೋಗಬೇಕು. ಬರೂದು ನಾಡದು. ಇಕಿನ್ನ ಸಾಲಿ ಬಿಟ್ಟ ಮ್ಯಾಲ ಏನ್ ಮಾಡ್ತಿ?”

“ಏನ್ ಮಾಡೂದು? ದಿನಾ ಮಾಡೂದಽ. ಲ್ಯಾಬಿನ ಹಾಲಿನ್ಯಾಗ ಕುಂಡ್ರಸ್ತೀನಿ.”

“ರೋಗಿಗೋಳ ನಡುವ?”

“ರೋಗಿಗೋಳು ಅಲ್ಲಿಗೆ ಬರಂಗಿಲ್ರಿ. ಬರೇ ಅವರ ಮನಿಯವರು ಬರ್ತಾರ. ಕಫ, ರಕ್ತ ದವಾಖಾನಿಯಿಂದ ಸೀಲ್ ಮಾಡಿದ ಡಬ್ಬ್ಯಾಗ ಬರ್ತಾವ. ಒಬ್ಬಾಕಿನ್ನ ಮನಿಯಾಗ ಬಿಡೂದಕ್ಕಿಂತ ಅದಽ ಚಲೋ. ಕೂಲರ್ ಬ್ಯಾರೆ ಐತಿ.”

“ಕೂಲರಿನ ಮುಂದ ನಂದಽ ಜಾಗ,” ಎಂದಳು ಇಂಚರಾ. “ಮೌಲಾಲಿ ಕಾಕಾ ನನಗಂತ ಖುರ್ಚಿ ಇಟ್ಟಾನ.”

*

ಮೌಲಾಲಿ ನದಾಫ್ ಪ್ರಯೋಗಾಲಯದ ಹಳೆಯ ತಂತ್ರಜ್ಞ. ಬಿಲ್ಲೆಗಳನ್ನು ಜೋಡಿಸುವುದು, ತೆಗೆಯುವುದು, ಯಂತ್ರವನ್ನು ನೋಡಿಕೊಳ್ಳುವುದು ಅವನ ಕೆಲಸ. ಹೋದ ವರ್ಷದ ಬೇಸಿಗೆಯಲ್ಲಿ ಅವನ ಹೆಂಡತಿ ಹುಸೇನಬಿಗೆ ರಕ್ತದಲ್ಲಿ ನಂಜಾಯಿತು. ಅವಳ ಬಿಲ್ಲೆಯನ್ನು ಅವನೇ ಯಂತ್ರದೊಳಗೆ ಇಟ್ಟು, ಆ ದಿನ ರಜೆ ಹಾಕಿ, ಉಳಿದ ಜನರ ಜೊತೆ ಹೊರಗಿನ ಹಾಲಿನಲ್ಲಿ ಕೂತ. ತಗಡಿನ ಸೂರಿನ ಕೆಳಗೆ ಕಾದ ಹೆಂಚಿನಂಥ ಸೆಕೆ. ಸಂಜೆ ಕೆಂಪು ಬಂತು. ಶಶಿರೇಖಾ ಹೇಳಲಾರದೆ ಕಿಟಕಿಯಲ್ಲಿ ನಿಂತಾಗ ಅವನೇ ಎದ್ದು ಬಂದು, “ಹೇಳೂದ್ ಬ್ಯಾಡ್ರಿ ಅಕ್ಕಾರ. ನನಗ ಗೊತ್ತಾತು. ಔಷಧ ಊರಿಗೆ ಉಳೀಲಿ ಬಿಡ್ರಿ,” ಅಂದಿದ್ದ.

ಹುಸೇನಬಿಯ ನಲವತ್ತನೇ ದಿನದ ಫಾತೇಹಾ ಮುಗಿಸಿ ಕೆಲಸಕ್ಕೆ ಬಂದವನು ಮೊದಲು ಮಾಡಿದ್ದು ಆ ಹಾಲಿಗೆ ಒಂದು ಕೂಲರ್ ತಂದದ್ದು. ನಡುಮಟ್ಟದ, ಹುಲ್ಲಿನ ಪರದೆಯ, ತಗಡಿನ ಕೂಲರ್. ಕಾಯುವವರಿಗೆ ಸಿಗುವ ಸುದ್ದಿ ಹೇಗೂ ತಣ್ಣಗಿರುವುದಿಲ್ಲ, ಗಾಳಿಯಾದರೂ ತಣ್ಣಗಿರಲಿ ಎಂದ.

ಕೂಲರ್ ಬಂತು, ನೀರು ಎಲ್ಲಿಂದ? ನಳ ವಾರಕ್ಕೊಮ್ಮೆ ಬಂದರೆ ಹೆಚ್ಚು. ಈ ಊರಿನಲ್ಲಿ ಅಕ್ಕಿ ತೊಳೆದ ನೀರಿನಲ್ಲಿ ಪಾತ್ರೆ ತೊಳೆದು, ಪಾತ್ರೆ ತೊಳೆದ ನೀರನ್ನು ಗಿಡಕ್ಕೆ ಹಾಕುವುದು ಯಾರೂ ಹೇಳಿಕೊಡದೆ ಬರುವ ವಿದ್ಯೆ. ಮೌಲಾಲಿಯ ಕಣ್ಣು ಸಹಜವಾಗಿಯೇ ಯಂತ್ರದ ಹಿಂದಿನ ಕೊಳವೆಯ ಮೇಲೆ ಬಿತ್ತು. ಪ್ರತಿ ಪರೀಕ್ಷೆಯ ನಂತರ ಯಂತ್ರ ತನ್ನ ನಾಳಗಳನ್ನು ತಾನೇ ಶುದ್ಧ ನೀರಿನಿಂದ ತೊಳೆದುಕೊಳ್ಳುತ್ತಿತ್ತು. ಆ ನೀರು ಕಾದ ಸುರುಳಿಯೊಂದನ್ನು ಹಾದು, ಅಲ್ಲಿ ಎಲ್ಲ ಜೀವಿಗಳೂ ಸತ್ತು, ಹಿತ್ತಲಿನ ಕ್ಲೋರಿನ್ ತೊಟ್ಟಿಗೆ ಬಿದ್ದು, ಅಲ್ಲಿಂದ ಗಟಾರಕ್ಕೆ ಹೋಗುತ್ತಿತ್ತು. ಕನ್ನಡಿಯಂಥ ನೀರು. ಮೊದಲು ತೊಟ್ಟಿಯ ನೀರನ್ನೇ ತುಂಬಿ ನೋಡಿದ. ಕ್ಲೋರಿನ್ ಘಾಟಿಗೆ ಹಾಲಿನಲ್ಲಿದ್ದವರ ಕಣ್ಣುರಿ ಬಂತು. ಆಮೇಲೆ ತೊಟ್ಟಿಗಿಂತ ಮೊದಲೇ, ಕೊಳವೆಯ ಬಾಯಿಗೇ ಬಕೆಟ್ ಇಟ್ಟ.

ಅದನ್ನು ಶಶಿರೇಖಾಳೂ ನೋಡಿದ್ದಳು. ಬೆಂಗಳೂರಿನಿಂದ ತಪಾಸಣೆಗೆ ಬಂದ ಅಧಿಕಾರಿಗಳೂ ನೋಡಿ, ಫೋಟೋ ತೆಗೆದುಕೊಂಡು, ನೀರಿನ ಮಿತಬಳಕೆಗೆ ಇದು ಮಾದರಿ ಎಂದು ಎಲ್ಲ ಜಿಲ್ಲೆಗಳಿಗೂ ಸುತ್ತೋಲೆ ಕಳಿಸಿದ್ದರು. ಮೌಲಾಲಿಗೆ ಒಂದು ಶಾಲು ಸಿಕ್ಕಿತ್ತು. ಬೇಸಿಗೆಯಲ್ಲಿ ಶಾಲು ಕೊಟ್ಟರಲ್ಲ ಎಂದು ಅವನು ತಿಂಗಳುಗಟ್ಟಲೆ ನಗಾಡಿದ್ದ.

*

ಮಹಾರುದ್ರ ಬೀದರದಿಂದ ಬಂದ ದಿನ ಇಂಚರಾಳಿಗೆ ಕೆಮ್ಮಿತ್ತು. ಮರುದಿನ ಜ್ವರ. ಅದರ ಮರುದಿನ ಉಸಿರೆಳೆದಾಗ ಪಕ್ಕೆ ಒಳಗೆ ಹೋಗತೊಡಗಿತು. ಆಸ್ಪತ್ರೆಗೆ ಸೇರಿಸಿ, ಆಮ್ಲಜನಕದ ನಳಿಗೆ ಮೂಗಿಗೆ ಇಟ್ಟು, ಕಫದ ಡಬ್ಬಿಯನ್ನು ಪ್ರಯೋಗಾಲಯಕ್ಕೆ ಕಳಿಸಿದರು. ಶಶಿರೇಖಾಳೂ ಡಬ್ಬಿಯ ಹಿಂದೆಯೇ ಬಂದಳು.

ಹೊರಡುವಾಗ ಮಹಾರುದ್ರ ವಾರ್ಡಿನ ಬಾಗಿಲಲ್ಲಿ ಅವಳ ಕೈ ಹಿಡಿದುಕೊಂಡಿದ್ದ.

“ಕೆಂಪು ಬಂದ್ರ?”

“ಬರಂಗಿಲ್ಲ.”

“ಬಂದ್ರ, ಶಶೀ? ನೀನು ಅಲ್ಲಿ ಕುಂತಾಕಿ. ಒಂದು ಗುಂಡಿ ಒತ್ತಿದ್ರ ಹಸಿರು ಆಕ್ಕತಿ ಅಲ್ಲೇನು?”

ಅವಳು ಕೈ ಬಿಡಿಸಿಕೊಂಡು ಹೊರಟಳು. ದಾರಿಯುದ್ದಕ್ಕೂ ಅದನ್ನೇ ಯೋಚಿಸಿದಳು. ಗುಂಡಿ ಇರಲಿಲ್ಲ, ದಾರಿ ಇತ್ತು. ಔಷಧದ ಹನಿಯನ್ನು ಕೊಂಚ ಗಟ್ಟಿ ಮಾಡಿದರೆ ಯಾವ ಜೀವಿಯೂ ಬೆಳೆಯುವುದಿಲ್ಲ, ಪರದೆ ಹಸಿರಾಗುತ್ತದೆ. ಗಾಜಿಗೆ ಹಣೆ ಆನಿಸಿ ಅತ್ತವರೆಲ್ಲ ನೆನಪಾದರು. ಆದರೂ, ಮಾಡುತ್ತೇನೆ ಎಂದು ಆಸ್ಪತ್ರೆಯ ತಿರುವು ದಾಟುವಷ್ಟರಲ್ಲಿ ನಿರ್ಧರಿಸಿಬಿಟ್ಟಿದ್ದಳು. ಊರು ಹಾಳಾಗಿ ಹೋಗಲಿ. ಮೊದಲೊಮ್ಮೆ ನಿಯಮದ ಪ್ರಕಾರ ನೋಡುವುದು, ಕೆಂಪು ಬಂದರೆ ಮತ್ತೆ ಗಟ್ಟಿ ಹನಿ ಹಾಕುವುದು.

ಅವಳಿಗೆ ಆ ಪಾಪ ಮಾಡುವ ಅವಕಾಶ ಸಿಗಲಿಲ್ಲ. ಬಿಲ್ಲೆ ಒಳಗೆ ಹೋಗಿ ಚಹಾ ಆರುವಷ್ಟು ಹೊತ್ತಾಗಿರಲಿಲ್ಲ, ಕೋಣೆಗಳು ಮಬ್ಬಾಗತೊಡಗಿದವು. ಒಂದೆರಡಲ್ಲ. ಮಧ್ಯಾಹ್ನದ ಹೊತ್ತಿಗೆ ಸಾವಿರಾರು ಕೋಣೆಗಳೂ ತುಂಬಿದ್ದವು. ಗಟ್ಟಿ ಹನಿ ಹಾಕಿದಳು. ಅದರಲ್ಲೂ ಬೆಳೆಯಿತು. ಇನ್ನೂ ಗಟ್ಟಿ, ಮನುಷ್ಯನಿಗೆ ಕೊಟ್ಟರೆ ಮನುಷ್ಯನೇ ಸಾಯುವಷ್ಟು ಗಟ್ಟಿ. ಅದರಲ್ಲೂ ಬೆಳೆಯಿತು.

ಈ ಜೀವಿ ಕಲಿಯುತ್ತಿರಲಿಲ್ಲ. ಕಲಿತೇ ಬಂದಿತ್ತು.

ಎಲ್ಲಿ ಕಲಿತದ್ದು? ಕೆಂಪು ಬಂದ ಒಬ್ಬರಿಗೂ ಈ ಊರಿನಲ್ಲಿ ಔಷಧ ಕೊಟ್ಟಿರಲಿಲ್ಲ. ಶಶಿರೇಖಾ ಜೀವಿಯ ವಂಶವಾಹಿಗಳ ಪೂರ್ತಿ ಜಾತಕ ತೆಗೆಸಿದಳು. ನೀರು, ತೇವ ಎಂದರೆ ಪ್ರಾಣವೆನ್ನುವ ಸ್ಯೂಡೋಮೊನಾಸ್ ಜಾತಿ. ಹಿಂದೆಲ್ಲ ಗಟ್ಟಿಮುಟ್ಟಾದವರ ತಂಟೆಗೆ ಬರುತ್ತಿರಲಿಲ್ಲ, ಈಚೆಗೆ ಬರುತ್ತಿತ್ತು. ಇದಕ್ಕೆ ಬಾಲವಿರಲಿಲ್ಲ. ಹೊಸದಾಗಿ ಎದೆಗೆ ತಗುಲಿದ ಸ್ಯೂಡೋಮೊನಾಸ್‌ಗೆ ಈಜಲು ಬಾಲವಿರುತ್ತದೆ. ಕೂತಲ್ಲಿಗೇ ಊಟ ಬರುವ ಬಿಲ್ಲೆಯ ಕೋಣೆಯಲ್ಲಿ ಪೀಳಿಗೆಗಟ್ಟಲೆ ಬೆಳೆದಾಗ ಅದು ಬಾಲವನ್ನು ಬಿಟ್ಟುಕೊಡುತ್ತದೆ. ಹೊಸ ಸೋಂಕಿನಲ್ಲಿ ಅಂಥದ್ದನ್ನು ಅವಳು ಎಂದೂ ನೋಡಿರಲಿಲ್ಲ. ಯಂತ್ರ ತನ್ನ ನೆನಪಿನಲ್ಲಿ ಹುಡುಕಿ ಅದಕ್ಕೆ ಹೊಂದುವ ಇನ್ನೊಂದು ಜಾತಕವನ್ನು ಪಕ್ಕದಲ್ಲಿಟ್ಟಿತು. ಫಕೀರಪ್ಪನದು.

ಫಕೀರಪ್ಪ ಈ ಕಟ್ಟಡಕ್ಕೆ ಕಾಲಿಟ್ಟಿರಲಿಲ್ಲ. ಅವನ ಕಫ ಬಂದಿತ್ತು, ಬಿಲ್ಲೆಗೆ ಹೋಗಿತ್ತು, ಅಲ್ಲಿ ಪಾಠ ಕಲಿತಿತ್ತು. ಬಿಲ್ಲೆಯನ್ನು ಸುಟ್ಟಿದ್ದರು. ನಾಳಗಳನ್ನು ತೊಳೆದಿದ್ದರು.

ತೊಳೆದಿದ್ದರು.

ಅವಳು ಎದ್ದು ಯಂತ್ರದ ಹಿಂದೆ ಹೋದಳು. ಕೊಳವೆಯ ಜೊತೆಗೇ ನಡೆದು ಹಿತ್ತಲಿಗೆ ಬಂದಳು. ಮೌಲಾಲಿ ಕುಕ್ಕರಗಾಲಿನಲ್ಲಿ ಕೂತು ಬಕೆಟ್ ತುಂಬುವುದನ್ನು ಕಾಯುತ್ತಿದ್ದ.

“ಇಂಚರಾ ಹೆಂಗದಾಳ್ರಿ ಅಕ್ಕಾರ? ಹಸಿರು ಬಂತಿಲ್ಲೋ?”

“ಮೌಲಾಲಿ ಅಣ್ಣಾ, ಈ ನೀರು ಬಿಸಿ ಇರತೈತೇನು?”

“ಕೈಗೆ ಹತ್ತಿದ್ರ ಸುಡ್ತೈತ್ರಿ. ಕಾಯಿಸಿದ ನೀರಲ್ಲೇನ್ರಿ ಇದು.”

“ಕರೆಂಟ್ ಹೋದಾಗ?”

“ಕರೆಂಟ್ ಹೋದ್ರೂ ಯಂತ್ರ ನಿಲ್ಲಂಗಿಲ್ರಿ. ಇನ್ವರ್ಟರ್ ಐತಲ್ಲ.”

“ಯಂತ್ರ ನಿಲ್ಲಂಗಿಲ್ಲ. ಸುರಳಿ? ಅದನ್ನೂ ಇನ್ವರ್ಟರಿಗೆ ಕೊಟ್ಟಾರೇನು?”

ಮೌಲಾಲಿ ಬಕೆಟ್ಟಿನ ಕಡೆ ನೋಡಿದ. ಸುರುಳಿ ಎಳೆಯುವಷ್ಟು ವಿದ್ಯುತ್ತನ್ನು ಯಾವ ಇನ್ವರ್ಟರೂ ತಡೆಯುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಆಮೇಲೆ ಹೇಳಿದ, “ಕರೆಂಟ್ ಹೋದಾಗ ತಣ್ಣಗ ಬರತಿತ್ರಿ. ಕೂಲರಿಗೆ ತಣ್ಣೀರು ಚಲೋ ಅಂತ… ಅದನ್ನಽ ಹೆಚ್ಚು ಹಿಡೀತಿದ್ದೆ ನಾನು.”

ಬಕೆಟ್ ತುಂಬಿ ನೀರು ಹೊರಗೆ ಚೆಲ್ಲತೊಡಗಿತು. ಇಬ್ಬರೂ ಅದನ್ನು ಸರಿಸಲಿಲ್ಲ.

“ಹಂಗಾರ ನಮ್ಮ ಹುಸೇನಬಿ…” ಎಂದ ಅವನು. “ಊರಿಗೆ ಉಳೀಲಿ ಅಂತ ನಾನು…” ಕೂತಲ್ಲೇ ಎರಡೂ ಕೈಗಳನ್ನು ಮೈಯಿಂದ ದೂರ ಚಾಚಿಕೊಂಡ, ಅವು ಇನ್ನಾರದೋ ಕೈಗಳು ಎಂಬಂತೆ.

ಶಶಿರೇಖಾ ಹಾಲಿಗೆ ಹೋಗಿ ಕೂಲರಿನ ಪ್ಲಗ್ ಕಿತ್ತಳು. ಬೆಂಚುಗಳ ತುಂಬ ಜನ. “ಅಯ್ಯ, ಯಾಕ್ರಿ ಬಾಯಾರ? ಸಣ್ಣ ಕೂಸೈತ್ರಿ ಇಲ್ಲೆ, ಸೆಕಿ ತಡಿಯಂಗಿಲ್ಲ,” ಎಂದು ಒಬ್ಬಾಕೆ ಕೂಗಿದಳು. ಕೂಲರಿನ ಮುಂದಿನ ಪುಟ್ಟ ಕುರ್ಚಿಯಲ್ಲಿ ಯಾರದೋ ಮಗು ಕೂತಿತ್ತು. ಶಶಿರೇಖಾ ಹುಲ್ಲಿನ ಪರದೆಯ ಒಂದು ಎಳೆ ಕಿತ್ತು ಡಬ್ಬಿಗೆ ಹಾಕಿಕೊಂಡಳು.

*

ಪ್ರಯೋಗಾಲಯದ ಮುಖ್ಯಸ್ಥ ಡಾಕ್ಟರ್ ಹನಮಸಾಗರ ಫಲಿತಾಂಶ ನೋಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹುಲ್ಲಿನ ಎಳೆಯಲ್ಲಿ ಇದ್ದದ್ದು ಫಕೀರಪ್ಪನ ಜೀವಿ ಒಂದೇ ಅಲ್ಲ. ಒಂದು ಬೇಸಿಗೆಯಲ್ಲಿ ಪರೀಕ್ಷೆಗೆ ಬಂದು, ಕಲಿತು, ತೊಳೆದುಹೋದ ಹಲವು ಜಾತಿಗಳು ಅಲ್ಲಿ ಒಟ್ಟಿಗೆ ಸಂಸಾರ ಮಾಡಿಕೊಂಡಿದ್ದವು. ಒಂದು ಕಲಿತದ್ದನ್ನು ಇನ್ನೊಂದಕ್ಕೆ ಕೊಟ್ಟಿದ್ದವು. ಕೂಲರಿನ ಫ್ಯಾನು ಅವನ್ನು ಹನಿಹನಿಯಾಗಿ, ಕಾಯುತ್ತ ಕೂತ ಪ್ರತಿಯೊಬ್ಬರ ಎದೆಗೂ ತಲುಪಿಸಿ ಮನೆಗೆ ಕಳಿಸಿತ್ತು. ಹನಮಸಾಗರ ಬೇರೆ ಜಿಲ್ಲೆಗಳಿಗೆ ಫೋನು ಹಚ್ಚಿದರು. ಸುತ್ತೋಲೆಯನ್ನು ಎಲ್ಲರೂ ಶ್ರದ್ಧೆಯಿಂದ ಪಾಲಿಸಿದ್ದರು. ಒಂದು ಕಡೆ ಕೂಲರಿಗೆ, ಇನ್ನೊಂದು ಕಡೆ ಆಸ್ಪತ್ರೆಯ ನೆಲ ಒರೆಸಲಿಕ್ಕೆ.

ನಾಲ್ಕು ದಿನದಲ್ಲಿ ಎಲ್ಲ ಕಡೆಯಿಂದಲೂ ಒಂದೇ ಉತ್ತರ ಬಂತು: ಅಲ್ಲಿಯೂ ಕಲಿತ ರೋಗಾಣುಗಳೇ.

“ಮುಗೀತು, ಶಶಿರೇಖಾ,” ಎಂದರು ಹನಮಸಾಗರ. “ನಾವು ಪರೀಕ್ಷಾ ಮಾಡ್ತೇವಿ ಅಂದ್ಕೊಂಡಿದ್ವಿ. ಪಾಠ ಹೇಳಾಕತ್ತಿದ್ವಿ.”

“ಮುಂದ ಏನ್ರಿ ಸರ್?”

“ಬೆಂಗಳೂರಿನವರು ನಿರ್ಬಂಧ ತೆಗೆಯೂದು ಅಂತ ನಿರ್ಧಾರ ಮಾಡ್ಯಾರ. ಇನ್ನ ಕಾಯ್ದಿಟ್ಟು ಉಪಯೋಗಿಲ್ಲ. ಕಲೀದ ರೋಗಾಣು ಯಾರ ಮೈಯಾಗರೆ ಉಳದಿದ್ರ, ಅವರಿಗರೆ ಈ ಹತ್ತು ಹದಿನೈದು ದಿನದಾಗ ಔಷಧ ತಾಗೀತು. ಇದ್ದಷ್ಟೂ ಸ್ಟಾಕ್ ಹಂಚಿಬಿಡ್ರಿ, ಕೇಳಿದವರಿಗೆಲ್ಲಾ ಕೊಡ್ರಿ ಅಂತ.”

“ಜನಕ್ಕ ಏನ್ ಹೇಳೂದ್ರಿ?”

“ಸದ್ಯಕ್ಕ ಏನೂ ಹೇಳಬಾರದಂತ.” ಅವರು ಅವಳ ಮುಖ ನೋಡಲಿಲ್ಲ. “ನಿಮ್ಮ ಮಗಳಿಗೂ ಹಾಕಸ್ರಿ ಶಶಿರೇಖಾ. ನನಗ ಗೊತ್ತೈತಿ. ಆದ್ರೂ ಹಾಕಸ್ರಿ.”

*

ಆಸ್ಪತ್ರೆಯ ಅಂಗಳದಲ್ಲಿ ಹಬ್ಬದಂಥ ಗದ್ದಲ. ಕಾಯ್ದಿಟ್ಟಿದ್ದನ್ನು ಬಿಟ್ಟಾರಂತ, ಎಲ್ಲಾರಿಗೂ ಅಂತ, ಪರೀಕ್ಷಾನೂ ಇಲ್ಲಂತ. ಯಾರೋ ಪಟಾಕಿ ಹಚ್ಚಿದರು. ಕೆಂಪು ಬಂದು ಮನೆಗೆ ಒಯ್ದಿದ್ದವರನ್ನು ಮಂಚದ ಸಮೇತ ಟೆಂಪೋಗಳಲ್ಲಿ ಮರಳಿ ತರುತ್ತಿದ್ದರು. ಮೆಟ್ಟಿಲ ಹತ್ತಿರ ಮುದುಕಿಯೊಬ್ಬಳು ಕಾಗದದ ಪೊಟ್ಟಣದಿಂದ ಎಲ್ಲರ ಕೈಗೂ ಸಕ್ಕರೆ ಹಾಕುತ್ತಿದ್ದಳು. ಶಶಿರೇಖಾಳನ್ನು ಗುರುತು ಹಿಡಿದು ಅವಳ ಅಂಗೈ ಬಿಡಿಸಿ ದೊಡ್ಡ ಚಿಟಿಕೆ ಹಾಕಿದಳು.

“ತಿನ್ನಽ ಯವ್ವಾ. ದಿನಾ ಇಲ್ಲಾ ಇಲ್ಲಾ ಅಂತ ಹೇಳಿ ಹೇಳಿ ನಿನ್ನ ನಾಲಿಗಿ ಕಹಿ ಆಗಿರಬೇಕು.”

ಶಶಿರೇಖಾ ತಿಂದಳು.

ಇಂಚರಾಳ ಮಂಚದ ಪಕ್ಕ ಮಹಾರುದ್ರ ನಿಂತಿದ್ದ. ಅವನಿಗೆ ಶಶಿರೇಖಾ ಎಲ್ಲವನ್ನೂ ಹೇಳಿದ್ದಳು. ನರ್ಸು ಸಣ್ಣ ಸೀಸೆಯನ್ನು ಸಲೈನಿಗೆ ಸೇರಿಸಿ, ನಗುತ್ತ, “ಆರಾಮಾಗ್ತಾಳ ಬಿಡ್ರಿ,” ಎಂದು ಮುಂದಿನ ಮಂಚಕ್ಕೆ ಹೋದಳು. ಇಂಚರಾ ಕಣ್ಣು ತೆರೆದಳು. ಎರಡು ಮಾತಿನ ನಡುವೆ ಅವಳಿಗೆ ಹಲವು ಉಸಿರು ಬೇಕಾಗುತ್ತಿದ್ದವು.

“ಅವ್ವಾ… ಇದು ಅದೇನು? ಕಾಯ್ದಿಟ್ಟಿದ್ದು?”

“ಹೌದವಾ.”

“ನನಗ ಕೊಟ್ರ… ಬ್ಯಾರೆಯವರಿಗೆ ಕಡಿಮಿ ಬೀಳತೈತಲ್ಲ. ಟೀಚರ್ ಹೇಳ್ಯಾರ.”

“ಇಲ್ಲವಾ. ಈಗ ಎಲ್ಲಾರಿಗೂ ಐತಿ. ಯಾರಿಗೂ ಇಲ್ಲ ಅನ್ನಂಗಿಲ್ಲ.”

“ಎಲ್ಲಾರಿಗೂ?”

“ಎಲ್ಲಾರಿಗೂ.”

ಇಂಚರಾ ಹೊರಗಿನ ಪಟಾಕಿಯ ಸದ್ದು ಕೇಳಿ ತುಟಿಯ ಒಂದು ಕಡೆ ನಕ್ಕಳು.

“ಹಂಗಾರ… ನೀ ಇನ್ನ ಆ ಕಿಟಕ್ಯಾಗ ಕುಂಡ್ರೂದು ಬ್ಯಾಡ. ಲಗೂ ಮನಿಗೆ ಬರ್ತಿ.”

“ಬರ್ತೀನಿ,” ಎಂದಳು ಶಶಿರೇಖಾ. “ದಿನಾ ಲಗೂ ಬರ್ತೀನಿ.”

ಮಹಾರುದ್ರ ಮುಖವನ್ನು ಗೋಡೆಯ ಕಡೆ ತಿರುಗಿಸಿದ. ಔಷಧ ಹನಿಹನಿಯಾಗಿ ಇಳಿಯುತ್ತಿತ್ತು.